ಬರಿಗಾಲಿಗೆ ಪ್ರವೇಶವಿಲ್ಲ

ತಿರುಗುವ ಉಪಗ್ರಹದಲ್ಲಿ ಚೂರು ಅಯಸ್ಕಾಂತದ ಗುಣ ಉಳಿದಿದ್ದರೂ ಸಾಕು, ಮೇಲೆ ಹೋದಮೇಲೆ ಭೂಮಿಯ ಕಾಂತಶಕ್ತಿ ಅದರ ಅಕ್ಷವನ್ನು ಮೆಲ್ಲಗೆ ವಾಲಿಸಿಬಿಡುತ್ತದೆ. ಗುರುತ್ವದ ಎಳೆತವನ್ನಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. ಇದನ್ನು ಅಳೆದೇ ತಿಳಿಯಬೇಕು. ಅದಕ್ಕೇ ದನ ಮೇಯುವ ದೊಡ್ಡಉಳ್ಳಾರ್ತಿ ಕಾವಲಿನ ಪಕ್ಕ ಒಂದೂ ಕಬ್ಬಿಣದ ಮೊಳೆಯಿಲ್ಲದ ಮರದ ಕೊಠಡಿ ಕಟ್ಟಿಸಿದ್ದೆವು. ಆದರೂ ಮೂರು ದಿನದಿಂದ ಅಳತೆ ಒಂದು ಕಡೆ ನಿಲ್ಲದೆ ನನಗೆ ತಲೆ ಕೆಟ್ಟುಹೋಗಿತ್ತು. ಮರುದಿನವೇ ಉಪಗ್ರಹವನ್ನು ಸಾಗಿಸಬೇಕಿತ್ತು.

ಸಾಮಾನು ಹೊರಲು ಬಂದಿದ್ದ ಬೋರಣ್ಣನನ್ನು ನಾನು ಮೊದಲ ದಿನವೇ ಬಾಗಿಲಲ್ಲಿ ತಡೆದಿದ್ದೆ. ಸೇಫ್ಟಿ ಬೂಟಿಲ್ಲದೆ ಯಾರನ್ನೂ ಒಳಗೆ ಬಿಡಬಾರದೆಂಬ ನಿಯಮವಿತ್ತು.

"ದೇವರ ಎತ್ತು ಕಾಯೋರು ನಾವು, ಕಾಲಿಗೆ ಏನೂ ಮೆಟ್ಟಂಗಿಲ್ಲ ಸಾರ್" ಅಂದು ಅವನು ಹೊಸ್ತಿಲಾಚೆ ಕೂತಿದ್ದ.

ನಾನು ಅಳತೆಯ ಯಂತ್ರವನ್ನು ಬಯ್ಯುತ್ತಿದ್ದಾಗ ಅಲ್ಲಿಂದಲೇ ಕೇಳಿದ: "ನೀವು ಹತ್ರ ಹೋದಾಗ್ಲೇ ಅಂಕಿ ಕುಣೀತೈತಲ್ರಿ ಸಾರ್. ನಿಮ್ಮ ಬೂಟ್ನಾಗೆ ಏನೈತೆ?"

ಕಾಲ್ಬೆರಳು ಜಜ್ಜಿಹೋಗದಿರಲೆಂದು ಕೂರಿಸಿದ್ದ ಕಬ್ಬಿಣದ ತಗಡಿತ್ತು.

ಬೂಟು ಕಳಚಿ ಹೊರಗಿಟ್ಟೆ. ಅಂಕಿ ಕಲ್ಲಿನಂತೆ ನಿಂತಿತು. ಅಷ್ಟರಲ್ಲಿ ಬಂದ ಸುರಕ್ಷತಾ ಅಧಿಕಾರಿ, ನನ್ನ ಬರಿಗಾಲು ನೋಡಿ, ನಿಯಮ ಓದಿ ಹೇಳಿ ನನ್ನನ್ನೂ ಹೊರಗೆ ಕಳಿಸಿದರು.

ಬೋರಣ್ಣ ಸ್ವಲ್ಪ ಸರಿದು ಕೂತು, ನನಗೂ ಜಾಗ ಬಿಟ್ಟ.