ಗೊಣಗಜ್ಜಿಯ ನಡುಕ ನಿಂತ ದಿನ

ಇನ್ನೂ ನಸುಕು. ಪಂಪ್‌ಹೌಸ್‌ನಲ್ಲಿ ಒಬ್ಬ ಹೆಂಗಸು ಸ್ವಿಚ್ ಒತ್ತಿ, ಹಳೆಯ ಪಂಪಿನ ಮೈಮೇಲೆ ಅಂಗೈಯಿಟ್ಟು ನಿಲ್ಲುತ್ತಾರೆ. ಪಂಪು ಸದ್ದಿಲ್ಲದೆ ತಿರುಗುತ್ತದೆ. ಬೇರೆ ಯಾರಾದರೂ ಖುಷಿಪಡುತ್ತಿದ್ದರು. ಈಕೆ ನಿಟ್ಟುಸಿರು ಬಿಡುತ್ತಾರೆ. "ಆ ಗೊಣಗಾಟ ಕೇಳದೆ ಬೆಳಗಾದ ಹಾಗೇ ಅನ್ಸಲ್ಲ," ಎನ್ನುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಪಂಪಕ್ಕ ಎಂದೇ. ಅರ್ಧ ಊರಿನ ನೀರು ಇವರ ಕೈಯಲ್ಲಿದೆ. ನಲ್ಲಿ ತಿರುಗಿಸುವ ನಾವು ನೀರು ಬಾರದ ದಿನ ಬಯ್ಯುತ್ತೇವೆಯೇ ಹೊರತು, ಬಂದ ದಿನ ಇವರನ್ನು ನೆನೆಯುವುದಿಲ್ಲ. ಪಾಳಿ ಮುಗಿದರೆ ಮನೆ, ಅಡುಗೆ, ಸಂಜೆಗೆ ವಿಶ್ವವಿದ್ಯಾಲಯ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು, ಮಕ್ಕಳು ದೊಡ್ಡವರಾದ ಮೇಲೆ ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಈಗ ಎಂ.ಟೆಕ್ ಓದುತ್ತಿದ್ದಾರೆ. ಉಳಿದಿರುವುದು ಪ್ರಬಂಧವೊಂದೇ. ಈ ವರ್ಷ ಒಪ್ಪಿಸದಿದ್ದರೆ ಗಡುವು ಮುಗಿದು, ಓದಿದ್ದೆಲ್ಲ ನೀರುಪಾಲು.

ಪ್ರಬಂಧದ ವಿಷಯ ಈ ಪಂಪಿನ ನಡುಕ. ಇವರ ಅಪ್ಪನೂ ಇಲ್ಲೇ ಆಪರೇಟರ್ ಆಗಿದ್ದರು. ಪಂಪಿಗೆ ಗೊಣಗಜ್ಜಿ ಎಂದು ಹೆಸರಿಟ್ಟವರೂ ಅವರೇ. ಪುಟ್ಟ ಹುಡುಗಿಯಾಗಿದ್ದಾಗ ಪಂಪಕ್ಕ ಅವರಿಗೆ ಬುತ್ತಿ ತಂದು ಇಲ್ಲೇ ಕೂರುತ್ತಿದ್ದರು. "ಅಪ್ಪನ ಲೋಟದಲ್ಲಿ ನೀರು ಗಡಗಡ ಅಲ್ಲಾಡ್ತಿತ್ತು. ಯಾಕಪ್ಪಾ ಅಂದ್ರೆ, 'ನಂಗೊತ್ತಿಲ್ಲ ಮಗಳೇ, ಓದಿ ನೀನೇ ಹೇಳು' ಅಂತಿದ್ರು." ಉತ್ತರ ಕೇಳಬೇಕಾದವರು ಈಗಿಲ್ಲ.

ಕಳೆದ ತಿಂಗಳು ಪ್ರಬಂಧದ ಮಾರ್ಗದರ್ಶಕರಾದ ಮೇಷ್ಟ್ರು ನಡುಕ ಅಳೆಯುವ ದೊಡ್ಡ ಯಂತ್ರ ಹೊತ್ತು ಬರುವವರಿದ್ದರು. ಸುದ್ದಿ ಫಿಟ್ಟರ್ ಮಾಮನ ಕಿವಿಗೆ ಬಿತ್ತು. ಮಾಮ ಅಪ್ಪನ ಗೆಳೆಯ, ನಿವೃತ್ತಿಯ ಅಂಚಿನಲ್ಲಿರುವವರು. ನಮ್ಮ ಹುಡುಗಿಯ ಪರೀಕ್ಷೆ, ಮೇಷ್ಟ್ರ ಮುಂದೆ ಅಜ್ಜಿ ಮಾನ ತೆಗೆಯಬಾರದು ಎಂದು ಹಿಂದಿನ ದಿನವೇ ಬೇರಿಂಗ್ ಬದಲಿಸಿ, ಬೋಲ್ಟು ಬಿಗಿದು, ಮೇಲೊಂದು ಕೈ ಬಣ್ಣವನ್ನೂ ಬಳಿದರು. ಮರುದಿನ ಮದುವೆ ಮನೆಯ ಯಜಮಾನರ ಹಾಗೆ ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಯಂತ್ರ ಹಚ್ಚಿದರೆ ಅದರ ಮುಳ್ಳು ಮಿಸುಕಲಿಲ್ಲ. ಅಳೆಯಬೇಕಾದ ರೋಗವೇ ವಾಸಿಯಾಗಿತ್ತು.

ವಿಷಯ ತಿಳಿದು ಮಾಮನ ಮುಖ ಬಾಡಿತು. ಗುಜರಿಗೆ ಎಸೆದಿದ್ದ ಬೇರಿಂಗನ್ನು ಹುಡುಕಿ ತಂದರು. "ಹಳೇದನ್ನೇ ಹಾಕ್ತೀನಮ್ಮ, ಮೊದಲಿನ ಥರಾನೇ ನಡುಗುತ್ತೆ." ಒಂದು ದಿನದ ಮಟ್ಟಿಗೆ ಆಗಲಿ ಎಂದು ಮೇಷ್ಟ್ರೂ ತಲೆಯಾಡಿಸಿದರು. ಪಂಪಕ್ಕ ಒಪ್ಪಲಿಲ್ಲ.

"ಚೆನ್ನಾಗಿ ತಿರುಗ್ತಿರೋದನ್ನ ನನ್ನ ಪದವಿಗೋಸ್ಕರ ಕೆಡಿಸೋದಾ? ಕೈ ಬರಲಿಲ್ಲ," ಎನ್ನುತ್ತಾರೆ.

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ನಿದ್ದೆಗೆಟ್ಟು ಓದಿದವರು ಒಂದು ದಿನ ಕಣ್ಣುಮುಚ್ಚಬಾರದಿತ್ತೇ? ಈಗ ಅವರು ಹಿಂದೆ ಚಿಕ್ಕ ಕೈಯುಪಕರಣದಿಂದ ಅಳೆದು ಬರೆದಿಟ್ಟಿದ್ದ ಒಂದಿಷ್ಟು ನಡುಕದ ಲೆಕ್ಕವನ್ನೂ ಇಂದಿನ ಶಾಂತ ಓಟವನ್ನೂ ಹೋಲಿಸಿ, ರಿಪೇರಿಯಿಂದ ಏನು ಬದಲಾಯಿತು ಎಂದು ಹೊಸದಾಗಿ ಬರೆಯುತ್ತಿದ್ದಾರೆ. ಅದಕ್ಕೆ ಇನ್ನಷ್ಟು ತಿಂಗಳು ಬೇಕು. ಗಡುವು ವಿಸ್ತರಿಸುವಂತೆ ವಿಶ್ವವಿದ್ಯಾಲಯವನ್ನು ಕೇಳಿದ್ದಾರೆ. ಉತ್ತರ ಬಂದಿಲ್ಲ.

ಒಪ್ಪದಿದ್ದರೆ ಎಂದು ಕೇಳುತ್ತೇನೆ. ಅವರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

"ಅತ್ತುಬಿಡ್ತೀನಿ, ಇನ್ನೇನು. ಮಾಮನ ಮುಂದೆ ಮಾತ್ರ ಅಳಲ್ಲ. ಪ್ರಬಂಧದಲ್ಲಿ ಕೃತಜ್ಞತೆ ಅಂತ ಒಂದು ಪುಟ ಇರುತ್ತೆ ನೋಡಿ, ಅದರಲ್ಲಿ ಮೊದಲು ಅವರ ಹೆಸರು ಹಾಕ್ಬೇಕು, ರಿಪೇರಿ ಮಾಡಿದ್ದಕ್ಕೆ. ಅದಕ್ಕಾದ್ರೂ ಪ್ರಬಂಧ ಅಚ್ಚಾಗ್ಬೇಕು."