ಕೊಂಡಮ್ಮನ ಅಕ್ಷತೆ

ಆದೋನಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಕೊಂಡಮ್ಮ ಮೊರ ಹಿಡಿದು ಕಟ್ಟೆಯ ಮೇಲೆ ಕೂತರೆ, ಈಕೆಯಂಥ ಜಿಪುಣಿ ಇನ್ನೊಬ್ಬಳಿಲ್ಲ ಎಂದೇ ಬಹಳ ಕಾಲ ನಂಬಿದ್ದೆ. ಒಂದೊಂದೇ ಅಕ್ಕಿಕಾಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಂಗಡಿಯವನ ಮೇಲೆ ಜಗಳಕ್ಕೆ ಸಾಕ್ಷಿ ಹುಡುಕುತ್ತಿದ್ದಾಳೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಮಗಳು ಶಿವಲಕ್ಷ್ಮಿಯ ಮದುವೆಗೆ ಅಕ್ಷತೆ ಆರಿಸುತ್ತಿದ್ದಾಳೆ. ತುದಿ ಮುರಿದ ಕಾಳು ಒಂದೂ ಇರಬಾರದು, ಹೆತ್ತವಳೇ ಆರಿಸಬೇಕು. ಅವರ ಮನೆತನದ ಕಟ್ಟಳೆ. ಗಂಡು ಸಿಗುವ ಮೊದಲೇ ಶುರುಮಾಡಿದ್ದಳು.

ಶಿವಲಕ್ಷ್ಮಿಯ ಎಡಗೈಯ ಎರಡು ಬೆರಳನ್ನು ಹತ್ತಿ ಮಿಲ್ಲಿನ ಯಂತ್ರ ತಿಂದಿತ್ತು. ಹೆಣ್ಣು ನೋಡಲು ಬಂದವರು ಮುಖ ನೋಡಿ, ಚಹಾ ಕುಡಿದು, ಕೈ ನೋಡಿ ಎದ್ದುಬಿಡುತ್ತಿದ್ದರು. ಪತ್ತಿಕೊಂಡದ ಸೂರಿಯ ಕಡೆಯವರು ಮಾತ್ರ ಕೈ ನೋಡಿದ ಮೇಲೂ ಕೂತರು, ಇನ್ನೊಂದಿಷ್ಟು ಉಪ್ಪಿಟ್ಟು ಹಾಕಿಸಿಕೊಂಡರು. ಕೊಂಡಮ್ಮನಿಗೆ ಉಳಿದದ್ದು ಒಂದೇ ಭಯ: ತಲಂಬ್ರಾಲು. ಹೆಣ್ಣು ಬೊಗಸೆ ತುಂಬ ಅರಿಶಿನದ ಅಕ್ಕಿಯನ್ನು ಗಂಡಿನ ತಲೆಯ ಮೇಲೆ ಸುರಿಯುವ ಶಾಸ್ತ್ರ. ಬಾಗಿಲು ಹಾಕಿಕೊಂಡು ಮಗಳಿಂದ ಅಭ್ಯಾಸ ಮಾಡಿಸುತ್ತಿದ್ದುದು ಗೋಡೆಯಾಚೆಗೆ ನಮಗೆ ಕೇಳುತ್ತಿತ್ತು.

"ಸೋರಾಕ ಹತ್ತೈತಿ, ಬಿಗಿಯಾಗಿ ಹಿಡಿಯೇ!"

"ಹಿಡಿಯಾಕ ಅಲ್ಲಿ ಏನೈತವ್ವ? ಚೊಂಬು ತುಂಬಿ ಆತನ ತಲಿ ಮ್ಯಾಲ ಬೋರಲು ಹಾಕ್ತೀನಿ ಬಿಡು."

ಕೊಂಡಮ್ಮ ನಕ್ಕದ್ದು ಕೇಳಲಿಲ್ಲ.

ನಿಶ್ಚಿತಾರ್ಥಕ್ಕೆ ರೇವಣಸಿದ್ದಯ್ಯನವರನ್ನೂ ಕರೆದಿದ್ದರು. ನಿವೃತ್ತ ಮೇಷ್ಟ್ರು. ಮೈಕು ಇಲ್ಲದ ಕಡೆಯೂ ಮೈಕಿನ ಮುಂದೆ ನಿಂತಂತೆ ನಿಲ್ಲುವವರು. ಯಾರಾದರೂ ಸೀನಿದರೆ ಸೀನಿನ ಮೂಲ ಹೇಳುವವರು. ಅಕ್ಷತೆ ಹಂಚುತ್ತಿದ್ದಂತೆ ಗಂಟಲು ಸರಿಮಾಡಿಕೊಂಡರು.

"ಕ್ಷತ ಅಂದ್ರ ಗಾಯ. ಅಕ್ಷತ ಅಂದ್ರ ಗಾಯ ಇಲ್ಲದ್ದು, ಇಡಿಯಾಗಿ ಇರೋದು. ಹಿಂದಿನ ಕಾಲದಾಗ ಕುಟ್ಟದ ಜವೆಗೋಧಿಗೂ ಇದೇ ಹೆಸರು. ಒಟ್ಟಿನ್ಯಾಗ ಮುಕ್ಕಾದದ್ದು ಶುಭಕ್ಕ ಸಲ್ಲದು. ತಿಳೀತಾ?"

ಸೂರಿಯ ಸೋದರಮಾವ ಬಜಾರಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿಯಿತು. ಆತ ಹುಡುಗಿಯ ಕೈ ನೋಡಿದ. ಆಕೆ ಸೆರಗು ಎಳೆದುಕೊಂಡಳು.

"ಅಯ್ಯಾರ, ಅಕ್ಕಿಗೇ ಇಷ್ಟು ನಿಯಮ ಐತಂದ್ರ, ಸುರಿಯೋ ಕೈಗೆ?"

ಅಯ್ಯನವರು ತಮ್ಮ ಕೈಯಲ್ಲಿದ್ದ ಅಕ್ಷತೆಯನ್ನು ತಟ್ಟೆಗೆ ಮರಳಿ ಹಾಕಿದರು.

ಕೊಂಡಮ್ಮ ಬಜಾರಪ್ಪನ ಕಾಲ ಬಳಿ ಕುಸಿದಳು. "ಅಣ್ಣಾ, ನೋಡೇ ಒಪ್ಪಿದ್ರಲ್ಲ! ಇನ್ನೂ ಎಂಟು ಬೆರಳು ಅದಾವು. ರೊಟ್ಟಿ ಬಡೀತಾಳ, ಬಟ್ಟಿ ಒಗೀತಾಳ. ಸೂರಪ್ಪಾ, ನೀನರ ಹೇಳಪ್ಪ!"

ಸೂರಿ ಫೋನು ನೋಡುತ್ತ ಕೂತ. ಅದರಲ್ಲಿ ಬೆಳಕೇ ಇರಲಿಲ್ಲ.

"ಊರಿಗೆ ಹೋಗಿ ಫೋನ್ ಮಾಡ್ತೀವಿ" ಎಂದು ಎಲ್ಲರೂ ಎದ್ದರು. ಫೋನು ಬರಲಿಲ್ಲ. ಕೊಂಡಮ್ಮ ತಾನೇ ಮಾಡಿದರೆ ರೆಕಾರ್ಡು ಮಾಡಿಟ್ಟ ಹೆಣ್ಣುದನಿಯೊಂದು, ಆಮೇಲೆ ಪ್ರಯತ್ನಿಸಿ ಎಂದು ತೆಲುಗಿನಲ್ಲಿ ಹೇಳುತ್ತಿತ್ತು. ಆ ದನಿಗೂ ಕೈಮುಗಿದು, "ನೀನರ ಅವ್ರಿಗೆ ಸ್ವಲ್ಪ ಹೇಳವ್ವ ತಾಯಿ" ಎಂದು ಆಕೆ ಬೇಡುವುದನ್ನು ನಾನೇ ಕೇಳಿದ್ದೇನೆ. ಶಿವಲಕ್ಷ್ಮಿ ಮತ್ತೆ ಮಿಲ್ಲಿಗೆ ಹೋಗತೊಡಗಿದಳು.

ಒಂದು ದಿನ ರೇವಣಸಿದ್ದಯ್ಯನವರು ಸಮಾಧಾನ ಹೇಳಲು ಬಂದರು. ಕೊಂಡಮ್ಮ ತಲೆ ಎತ್ತಲಿಲ್ಲ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಅವರು ಕೊನೆಗೆ ಕೇಳಿದರು:

"ಅಲ್ಲವ್ವ ಕೊಂಡಮ್ಮ, ಅಷ್ಟು ಅಕ್ಕಿ ಆರಿಸಿದಿ. ಅಕ್ಷತೆ ಅಂದ್ರ ಏನಂತ ನಿನಗ ಮೊದ್ಲು ಗೊತ್ತಿರಲಿಲ್ಲೇನು?"

"ಗೊತ್ತಿದ್ರ ಬೆರಳು ಬೆಳೀತಿದ್ದುವೇನ್ರಿ?" ಅಂದಳು ಕೊಂಡಮ್ಮ.