ಹಂಡೆ ಒಲೆಯ ಬೂದಿ

ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಲು ಸೋಪು ಬಳಸುತ್ತಿರಲಿಲ್ಲ. ಬಚ್ಚಲ ಹಂಡೆ ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು, ಅಷ್ಟೇ. ಮದುವೆಯಾದ ಹೊಸದರಲ್ಲಿ ನಾನು ತವರಿನಿಂದ ಸೋಪಿನ ಪುಡಿ ತಂದಿದ್ದೆ. ಮಾವ ಅದನ್ನು ಮೂಸಿ ನೋಡಿ, "ಇದ್ರಲ್ಲಿ ಬರೀ ವಿಷ ಐತೆ ಮಾರಾಯ್ತಿ. ಬೂದಿ ಅಂದ್ರೆ ಬೆಂಕಿ ತಿಂದು ಉಳಿದಿದ್ದು. ಅದ್ರಷ್ಟು ಶುದ್ಧ ಬೇರೆ ಯಾವ್ದೈತೆ?" ಎಂದಿದ್ದರು.

ನನ್ನ ತವರು ಶಿಕಾರಿಪುರದ ಕಡೆ, ಬಳ್ಳಿಗಾವಿಯ ಹತ್ತಿರ. ಕೊಟ್ಟಿದ್ದು ಸೊರಬದ ಕಡೆಗೆ, ಕುಬಟೂರಿನಿಂದ ಇನ್ನೂ ಸ್ವಲ್ಪ ಒಳಗೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಶಿಕಾರಿಪುರದ ಗ್ಯಾರೇಜೊಂದರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ, ದಿನಾ ಬೈಕಿನಲ್ಲಿ ಹೋಗಿ ಬರುತ್ತಾರೆ. ಹಗಲಿಡೀ ಮನೆಯಲ್ಲಿ ನಾನು, ಮಾವ, ಆಮೇಲೆ ಹುಟ್ಟಿದ ಮಗಳು. ನಾನು "ಹೌದ್ರಿ", "ಐತಿ" ಎಂದರೆ ಸಾಕು, "ಬಯಲುಸೀಮೆ ಬಂತು, ದಾರಿ ಬಿಡ್ರೋ" ಎಂದು ಮಾವ ಕಿಚಾಯಿಸುತ್ತಿದ್ದರು. ನಾನು ಬಾಯಿ ಜೋರಿನವಳು, ಸುಮ್ಮನಿರುತ್ತಿರಲಿಲ್ಲ. ಒಟ್ಟಿನಲ್ಲಿ ಚೆನ್ನಾಗಿದ್ದೆವು.

ಮಾವನಿಗೆ ಬಲೆಯ ಹುಚ್ಚು. ಗದ್ದೆ ಕೆಲಸ ಮುಗಿದರೆ ಸಾಕು, ಸುತ್ತಲಿನ ಯಾವುದೋ ಕೆರೆಯಲ್ಲಿ ಬೀಸುಬಲೆ ಎಸೆಯುತ್ತಿದ್ದರು. ಬಲೆಯನ್ನು ತಾವೇ ಹೆಣೆಯುತ್ತಿದ್ದರು, ಕೇಳಿದವರಿಗೂ ಮಾಡಿಕೊಡುತ್ತಿದ್ದರು. ಬಲೆ ಬೇಗ ಮುಳುಗಲಿ ಎಂದು ಅದರ ಅಂಚಿಗೆ ಸೀಸದ ಗುಂಡು ಕಟ್ಟಬೇಕು. ಅಂಗಡಿಯ ಗುಂಡು ಅವರಿಗೆ ಹಿಡಿಸುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಸತ್ತ ಬ್ಯಾಟರಿಗಳು ಬಿದ್ದಿರುತ್ತಿದ್ದವಲ್ಲ, ಅವುಗಳೊಳಗಿನ ಸೀಸದ ತಗಡನ್ನು ನನ್ನ ಗಂಡ ತಂದುಕೊಡುತ್ತಿದ್ದರು. ಸಂಜೆ ಸ್ನಾನಕ್ಕೆ ಹಂಡೆಯ ಕೆಳಗೆ ಬೆಂಕಿ ಹಾಕಿದಾಗ ಅದೇ ಬೆಂಕಿಯಲ್ಲಿ ಕಬ್ಬಿಣದ ಸೌಟಿಟ್ಟು ಸೀಸ ಕರಗಿಸಿ, ಮಣ್ಣಿನ ಅಚ್ಚಿಗೆ ಹೊಯ್ಯುತ್ತಿದ್ದರು. ಸೌದೆ ದಂಡವಾಗಬಾರದು ಎಂಬ ಲೆಕ್ಕ. ಮೇಲೆ ತೇಲಿದ ಕಿಟ್ಟವನ್ನು ಕಡ್ಡಿಯಲ್ಲಿ ಎತ್ತಿ ಒಲೆಗೇ ಕೊಡವುತ್ತಿದ್ದರು. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಇದು ಹೀಗೇ ನಡೆದಿತ್ತಂತೆ.

ಬೆಳಿಗ್ಗೆ ಆ ಒಲೆಯ ಬೂದಿಯನ್ನೇ ಬಾಚಿ ಹಾಲಿನ ಪಾತ್ರೆ ತಿಕ್ಕುತ್ತಿದ್ದೆವು. ಹಿತ್ತಲ ಹರಿವೆ ಸೊಪ್ಪಿಗೆ ಹುಳ ಬಿದ್ದರೆ ಅದನ್ನೇ ಉದುರಿಸುತ್ತಿದ್ದೆವು. ಮಾವ ಹಲ್ಲುಜ್ಜುವುದೂ ಅದರಲ್ಲೇ. ಮಗಳಿಗೆ ಹಲ್ಲು ಬಂದ ಮೇಲೆ ಅವಳೂ ಅಜ್ಜನ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೋರುಬೆರಳಿಗೆ ಬೂದಿ ಹಚ್ಚಿ ತಿಕ್ಕುವಳು. ಅರ್ಧ ಉಗುಳುವಳು, ಅರ್ಧ ನುಂಗುವಳು. ನಾವು ನೋಡಿ ನಗುತ್ತಿದ್ದೆವು.

ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಒಂದೊಂದೇ ಕಾಣತೊಡಗಿತು. ಇವತ್ತು ಕಲಿತ ಅಕ್ಷರ ನಾಳೆಗೆ ಇರುತ್ತಿರಲಿಲ್ಲ. ಅಂಗಡಿಯಿಂದ ಬೆಲ್ಲ, ಬೆಂಕಿಪೊಟ್ಟಣ ತಾ ಎಂದರೆ ಬೆಲ್ಲ ತಂದು, ಇನ್ನೊಂದು ಏನೆಂದು ನನ್ನ ಮುಖ ನೋಡುತ್ತಿದ್ದಳು. ಸಣ್ಣದಕ್ಕೆಲ್ಲ ಸಿಟ್ಟು, ಕೂತಲ್ಲಿ ಕೂರುವುದಿಲ್ಲ. ಹಾಗಂತ ಕಾಯಿಲೆ ಬಿದ್ದವಳಲ್ಲ. ಓಡುತ್ತಿದ್ದಳು, ಮರ ಹತ್ತುತ್ತಿದ್ದಳು, ಬಾಯಿತುಂಬ ಮಾತಾಡುತ್ತಿದ್ದಳು. ಸಂಬಂಧಿಕರೊಬ್ಬರು ಊಟಕ್ಕೆ ಬಂದವರು, "ಬೆಳೆಯೋ ಸಿರಿ ಮೊಳಕೇಲಿ ಅಂತಾರೆ, ಏನ್ಮಾಡದು" ಎಂದು ನಿಟ್ಟುಸಿರು ಬಿಟ್ಟರು. ಅವರ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಲು ನನಗೆ ಮನಸ್ಸಾಗಲಿಲ್ಲ.

ರಕ್ತ ಕಡಿಮೆಯಿದೆ ಎಂದು ಟಾನಿಕ್ ಕುಡಿಸಿದರೂ ಏರಲಿಲ್ಲ. ಶಿವಮೊಗ್ಗಕ್ಕೆ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದ ಹೆಂಗಸು, ನಿಧಾನವಾಗಿ ಕೇಳಿದರು. ಮಗು ಮಣ್ಣು ತಿನ್ನುತ್ತಾಳಾ? ಗೋಡೆಯ ಬಣ್ಣ ಕೆರೆಯುತ್ತಾಳಾ? ಮನೆಯವರ ಕೆಲಸ ಏನು? ಗ್ಯಾರೇಜು ಎಂದ ಕೂಡಲೇ ಇನ್ನೊಂದು ರಕ್ತಪರೀಕ್ಷೆ ಬರೆದರು. ಫಲಿತಾಂಶ ಬಂದ ದಿನ ಮತ್ತೆ ಹೋದಾಗ ಕಾಗದ ಮಡಿಸಿಟ್ಟು, "ರಕ್ತದಲ್ಲಿ ಸೀಸ ಇದೆ ಕಣಮ್ಮಾ. ಮನೇಲಿ ಯಾರಾದ್ರೂ ಸೀಸ ಮುಟ್ತಾರಾ?" ಎಂದರು.

ಬಲೆಯ ಗುಂಡಿನ ವಿಷಯ ಹೇಳಿದೆ. ಎಲ್ಲಿ ಕರಗಿಸುತ್ತಾರೆ ಎಂದು ಕೇಳಿದರು. ಹಂಡೆ ಒಲೆಯಲ್ಲಿ ಎಂದೆ. ಆ ಬೂದಿ ಏನು ಮಾಡುತ್ತೀರಿ ಎಂದು ಕೇಳಿದರು. ಹಾಲಿನ ಪಾತ್ರೆ, ಹರಿವೆ ಪಾತಿ, ಮಗಳ ಹಲ್ಲು ಎಂದು ಒಂದೊಂದೇ ಹೇಳುತ್ತಾ ಹೋದೆ. ಪಕ್ಕದಲ್ಲಿದ್ದ ಗಂಡ ತಲೆ ತಗ್ಗಿಸಿದರು.

"ಇದಕ್ಕೆ ಔಷಧಿ ಕೊಡ್ರಿ ಮೇಡಂ, ಎಷ್ಟೇ ದಿನ ಆಗ್ಲಿ" ಎಂದೆ.

"ಇಷ್ಟು ಕಡಿಮೆ ಇದ್ದಾಗ ಔಷಧಿ ಕೊಡೋದಿಲ್ಲಮ್ಮಾ. ಬೂದಿ ನಿಲ್ಸಿ, ಚೆನ್ನಾಗಿ ಊಟ ಕೊಡಿ, ರಕ್ತದಲ್ಲಿರೋದು ತಾನಾಗೇ ಇಳಿಯತ್ತೆ. ಆದ್ರೆ ಬೆಳೆಯೋ ಮಿದುಳಿಗೆ ಆಗಿರೋದು ಎಷ್ಟು ಅಂತ ಅಳೆಯೋಕಾಗಲ್ಲ. ಪೂರ್ತಿ ವಾಪಸ್ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ" ಎಂದರು.

ಆವತ್ತು ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಮಾವನ ಮೇಲೆ ಹರಿಹಾಯ್ದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಮಾವ ಮೊದಲು ನಂಬಲೇ ಇಲ್ಲ. "ನಾನು ಹುಟ್ಟಿದಾಗಿಂದ ಅದೇ ಬೂದೀಲಿ ಹಲ್ಲು ತಿಕ್ಕಿದೋನು. ನಂಗೇನಾಗೈತೆ?" ಎಂದರು. "ನಿಮಗೇನಾಗೈತಿ ಅಂತ ಯಾರು ನೋಡ್ಯಾರ್ರಿ?" ಎಂದುಬಿಟ್ಟೆ. ಗಂಡ "ಸಾಕು ಮಾಡೇ" ಎಂದರು. ತಗಡು ತಂದುಕೊಟ್ಟವರೂ ನೀವೇ ಅಲ್ಲವೇ ಎಂದು ಅವರ ಮೇಲೂ ತಿರುಗಿದೆ. ಮಗಳು ಅಜ್ಜನ ಪಂಚೆ ಹಿಡಿದುಕೊಂಡು ಎಲ್ಲರ ಮುಖ ನೋಡುತ್ತಿದ್ದಳು.

ಮಾರನೆಯ ದಿನ ಮಾವ ಅಚ್ಚು ಒಡೆದು ಹಾಕಿದರು. ಒಲೆಯನ್ನೇ ಕಿತ್ತು, ಮುಖಕ್ಕೆ ಒದ್ದೆ ಟವೆಲು ಕಟ್ಟಿಕೊಂಡು, ಬಚ್ಚಲ ಮಣ್ಣನ್ನು ಮೊಣಕಾಲಾಳ ಅಗೆದು, ಊರಾಚೆ ಗುಂಡಿ ತೋಡಿ ಮುಚ್ಚಿ ಬಂದರು. ಹರಿವೆ ಪಾತಿಯನ್ನೂ ಬಿಡಲಿಲ್ಲ. ಅದೆಲ್ಲ ಸರಿ. ಆದರೆ ಅಂದಿನಿಂದ ಅವರು ಮಗಳನ್ನು ಮುಟ್ಟುವುದನ್ನೇ ಬಿಟ್ಟರು. ಅವಳು ತೊಡೆಯೇರಲು ಬಂದರೆ ಎದ್ದು ಹೋಗುತ್ತಿದ್ದರು. "ನನ್ ಕೈಯಾಗೆಲ್ಲ ಅದೇ ತುಂಬೈತೆ" ಎನ್ನುತ್ತಿದ್ದರು. ಕೈ ತೊಳೆದರೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ನನ್ನ ಸಿಟ್ಟೂ ಪೂರ್ತಿ ಇಳಿದಿರಲಿಲ್ಲ, ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ಅವಳು ಜಗಲಿಯ ಕಂಬ ಹಿಡಿದು ಅಳುತ್ತಿದ್ದಳು.

ಮುಂದಿನ ಪರೀಕ್ಷೆಗಳಲ್ಲಿ ಸೀಸ ಇಳಿಯುತ್ತಾ ಬಂತು. ಗಂಡ ಶಿಕಾರಿಪುರದಿಂದ ಸಿಹಿ ಕಟ್ಟಿಸಿಕೊಂಡು ಬಂದರು. ನಾನೂ ತಿಂದೆ. ಸಂಜೆ ಮಗಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸಿದರೆ ಮೊದಲಿನಂತೆಯೇ ನಡುವೆ ಎಲ್ಲೋ ಕಳೆದುಹೋದಳು. ಕಾಗದದಲ್ಲಿ ಇಳಿದದ್ದಕ್ಕೂ ನನ್ನ ಮುಂದೆ ಕೂತವಳಿಗೂ ಸಂಬಂಧವೇ ಇರಲಿಲ್ಲ. ಈಗ ಅವಳಿಗೆ ಮೂರನೇ ಕ್ಲಾಸು. ದಿನಾ ಕೂರಿಸಿಕೊಳ್ಳುತ್ತೇನೆ. ಒಂದು ಪಾಠಕ್ಕೆ ಉಳಿದ ಮಕ್ಕಳ ಮೂರು ಪಟ್ಟು ಹೊತ್ತು ಬೇಕು. ಕಲಿಯುವುದಿಲ್ಲ ಎಂದಲ್ಲ, ಕಲಿಯುತ್ತಾಳೆ. ಆದರೆ ಇವಳು ಇರುವುದೇ ಹೀಗೋ, ಆ ಬೂದಿ ಇಷ್ಟು ಮಾಡಿತೋ, ಯಾರನ್ನು ಕೇಳಲಿ?

ಮೊನ್ನೆ ಜಗಲಿಯಲ್ಲಿ ಕಳೆಯುವ ಲೆಕ್ಕ ಮಾಡಿಸುತ್ತಿದ್ದೆ. ಮಾವ ಅಂಗಳದಾಚೆ ತುದಿಯಲ್ಲಿ ಸೌದೆ ಒಟ್ಟುತ್ತಿದ್ದರು. ಮಗಳು ಪೆನ್ಸಿಲ್ ಕೆಳಗಿಟ್ಟು, "ಅಮ್ಮಾ, ಬೂದಿ ತಿನ್ನಕಿಂತ ಮೊದ್ಲು ನಾನು ಹುಷಾರಿದ್ನಾ?" ಎಂದಳು.

ಹೌದು ಎನ್ನಲು ಹೊರಟಿದ್ದೆ. ಹೌದೆಂದರೆ, ನೀನು ಇದ್ದದ್ದನ್ನು ಕಳೆದುಕೊಂಡೆ ಎಂದು ಅವಳಿಗೆ ಹೇಳಿದಂತೆ. ಅಷ್ಟಕ್ಕೂ ಅವಳಿಗೆ ಬೂದಿಗಿಂತ ಮೊದಲು ಎಂಬುದೇ ಇರಲಿಲ್ಲ. ನಾನು ಅವಳನ್ನು ಹೊತ್ತಿದ್ದಾಗಲೂ ಆ ಒಲೆ ಉರಿಯುತ್ತಿತ್ತು.

"ನೀ ಮೊದಲಿಂದ್ಲೂ ಹಿಂಗೇ ಅದಿ ಮಗಳ" ಎಂದೆ.

ಅವಳ ಮುಖ ಅರಳಿತು. ಎದ್ದು ಅಂಗಳಕ್ಕೆ ಓಡಿ, ಅಜ್ಜನ ಪಂಚೆ ಹಿಡಿದು ಜಗ್ಗಿ, "ಅಜ್ಜಾ, ನಾನು ಮೊದ್ಲಿಂದ್ಲೂ ದಡ್ಡೀನೇ ಅಂತೆ. ನಿಂದೇನೂ ತಪ್ಪಿಲ್ಲ, ಎತ್ಕ" ಎಂದಳು.